ಇನ್ನೂ ಒಬ್ರಿಗೆ ಜಾಗ ಇದೆ: ಊರವರೆಲ್ಲ ಸೇರಿ ಒಂದು ಹಾಡು ಮಾಡುವುದು ಹೇಗೆ

ಊರವರೆಲ್ಲ ಸೇರಿ ಒಂದು ಹಾಡು ಮಾಡಬೇಕು, ಅದರಲ್ಲಿ ಭರವಸೆ ಇರಬೇಕು, ನಾವೆಲ್ಲ ಒಟ್ಟಿಗೆ ಇದ್ದೇವೆ ಅನ್ನುವುದು ಕೇಳಿಸಬೇಕು ಅಂತ ಮನಸ್ಸಿಗೆ ಬಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಗಾಯಕರ ಪಟ್ಟಿ ಬರೆಯುವುದು. ಯಾರನ್ನು ಕರೆಯೋಣ, ಯಾರಿಗೆ ಹೆಸರಿದೆ, ಯಾರನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ. ಆ ಪಟ್ಟಿ ಸದ್ಯಕ್ಕೆ ಪಕ್ಕಕ್ಕಿರಲಿ. ಮೊದಲು ಬೇಕಾಗಿರುವುದು ಒಂದು ಸಾಲು. ಎರಡನೇ ಸಲ ಬಂದಾಗ ಕೇಳುತ್ತಾ ನಿಂತವರು ತಾವಾಗಿಯೇ ದನಿ ಸೇರಿಸುವಂಥ ಸಾಲು. ಅದು ಸಿಕ್ಕಿಲ್ಲ ಅಂದರೆ ಎಷ್ಟು ಜನ ಹಾಡಿದರೂ ಅದು ಎಲ್ಲರ ಹಾಡಾಗುವುದಿಲ್ಲ.

ಇದನ್ನು ಶಿವಮೊಗ್ಗ, ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರ ಕಡೆಯವರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲಿ ದೊಡ್ಡ ಸ್ಟುಡಿಯೋ ಹತ್ತಿರ ಇರುವುದಿಲ್ಲ, ಆದರೆ ಹಾಡುವವರಿಗೆ ಬರವಿಲ್ಲ. ಡೊಳ್ಳಿನ ತಂಡ ಇದೆ, ಯಕ್ಷಗಾನದ ಭಾಗವತರಿದ್ದಾರೆ, ಸೋಬಾನೆ ಹೇಳುವ ಅಜ್ಜಿಯರಿದ್ದಾರೆ, ಗಿಟಾರ್ ಹಿಡಿದ ಕಾಲೇಜು ಹುಡುಗರಿದ್ದಾರೆ. ಒಂದು ಒಳ್ಳೆಯ ಫೋನು, ಒಂದು ಲ್ಯಾಪ್‌ಟಾಪು, ಜನರನ್ನು ಕೂರಿಸಿ ಮಾತಾಡುವ ತಾಳ್ಮೆ ಇದ್ದರೆ ಹಾಡು ಆಗುತ್ತದೆ.

ಸಾಲು ಹುಡುಕುವುದು

ಮಾದರಿ ಬೇಕಾದರೆ ದೂರ ಹೋಗಬೇಡಿ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ರಾತ್ರಿ ದೀಪ ಹಿಡಿದು ಮನೆಮನೆಗೆ ಬರುತ್ತಾರಲ್ಲ, ಅವರು ಹಾಡುವುದನ್ನು ಗಮನಿಸಿ. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಹಿಂದಿನವರಿಗೆ ಇಡೀ ಪದ ಬಾಯಿಪಾಠ ಇರಬೇಕು ಅಂತಿಲ್ಲ. ಮುಂದಿನವರ ಬಾಯಿಂದ ಬಂದದ್ದನ್ನು ಹಿಡಿದರೆ ಸಾಕು. ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ನಡೆಯುತ್ತಾ ಹಾಡಿ ಹಾಡಿ ಗಟ್ಟಿಯಾದ ಕ್ರಮ ಅದು. ನಿಮ್ಮ ಪಲ್ಲವಿಯೂ ಹಾಗೇ ಇರಲಿ, ಹೇಳಿದ ತಕ್ಷಣ ವಾಪಸ್ ಹೇಳಲು ಬರಬೇಕು.

ಈಗ ಪದಗಳು. ಒಗ್ಗಟ್ಟಿನ ಹಾಡು ಅಂದ ಕೂಡಲೇ ಪೆನ್ನು ತಾನಾಗಿಯೇ 'ಒಂದಾಗೋಣ ಬನ್ನಿ', 'ಭರವಸೆಯ ಬೆಳಕು', 'ಹೊಸ ನಾಳೆ' ಅಂತ ಬರೆಯುತ್ತದೆ. ಅವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹೊಡೆದುಹಾಕಿ. ಅವು ತಪ್ಪು ಅಂತಲ್ಲ, ಕೇಳಿ ಕೇಳಿ ಕಿವಿಗೆ ಇಳಿಯುವುದೇ ಇಲ್ಲ. ಆಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ನಮ್ಮ ಕಡೆ ಜನ ಒಬ್ಬರಿಗೊಬ್ಬರು ಜಾಗ ಮಾಡಿಕೊಡುವುದು ಎಲ್ಲಿ ಕಾಣುತ್ತದೆ? ನನಗೆ ಥಟ್ಟನೆ ಹೊಳೆಯುವುದು ಬಸ್ಸು. ಮಲೆನಾಡಿನ ಸಂಜೆ ಬಸ್ಸು, ಅದೇ ಕೊನೆಯದು, ಇದು ಹೋದರೆ ಮನೆ ಸೇರುವ ಹಾಗಿಲ್ಲ. ಒಳಗೆ ಕಾಲಿಡಲು ಜಾಗ ಇಲ್ಲದಿದ್ದರೂ ಕಂಡಕ್ಟರ್ 'ಸ್ವಲ್ಪ ಒಳಗೆ ಹೋಗಿ, ಇನ್ನೂ ಒಬ್ರಿಗೆ ಜಾಗ ಇದೆ' ಅಂತ ಹತ್ತಿಸಿಕೊಳ್ಳುತ್ತಾನೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದ್ದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ, ಕಾರ್ಮಿಕರೇ ಸೇರಿ ಕಟ್ಟಿ ನಡೆಸಿದ ಬಸ್ಸುಗಳವು.

ಆ ಕಂಡಕ್ಟರ್ ಮಾತನ್ನೇ ಸಾಲು ಮಾಡಿ ನೋಡೋಣ. 'ಇನ್ನೂ ಒಬ್ಬರಿಗೆ ಜಾಗ ಇದೆ' ಅಂತ ಬರೆದರೆ ಹಾಡುವಾಗ ಎಲ್ಲೋ ಎಡವುತ್ತದೆ. ಯಾಕೆ ಅಂತ ಮಾತ್ರೆ ಎಣಿಸಿ: ಗಿಡ್ಡ ಅಕ್ಷರಕ್ಕೆ ಒಂದು, ಉದ್ದದ್ದಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು. 'ಇನ್ನೂ' ನಾಲ್ಕು ಮಾತ್ರೆ. 'ಒಬ್ಬರಿಗೆ' ಐದು. ಅಲ್ಲಿಗೆ ತಾಳ ತಪ್ಪಿತು. ಬಾಯಲ್ಲಿ ಬರುವ ಹಾಗೆ 'ಒಬ್ರಿಗೆ' ಅನ್ನಿ, ನಾಲ್ಕಾಯಿತು. 'ಜಾಗ ಇ' ಇನ್ನೊಂದು ನಾಲ್ಕು. ಉಳಿದದ್ದು 'ದೆ'. ಅಂದರೆ ನಾಲ್ಕು ನಾಲ್ಕರ ಮೂರು ಗಣ, ಕೊನೆಗೆ ಒಂದು ಅಕ್ಷರ. ಈ 'ದೆ'ಯನ್ನು ಎಳೆಯಬೇಡಿ. ಎಳೆದರೆ 'ಇದೇ' ಅಂತ ಕೇಳಿಸುತ್ತದೆ, ಅರ್ಥವೇ ಬೇರೆಯಾಗುತ್ತದೆ. ಅದನ್ನು ಗಿಡ್ಡಕ್ಕೆ ನಿಲ್ಲಿಸಿ, ಉಳಿದ ಮೂರು ಮಾತ್ರೆಗೆ ಡೊಳ್ಳಿನ ಪೆಟ್ಟು ಬಿಡಿ. ಈ ಖಾಲಿ ಜಾಗದಲ್ಲೇ ಜನ ಚಪ್ಪಾಳೆ ಹಾಕುತ್ತಾರೆ, ಹೇಳಿಕೊಡುವುದೇ ಬೇಡ.

ಎಳೆಯಲು ಒಂದು ಜಾಗ ಬೇಕಲ್ಲ, ಅದಕ್ಕೆ 'ಬಾ' ಇದೆ. ಬಾಯಿ ಪೂರ್ತಿ ತೆರೆಯುವ ಸ್ವರ, ಮಕ್ಕಳಿಂದ ಮುದುಕರ ತನಕ ಎಲ್ಲರಿಗೂ ಸಲೀಸು. ಹೀಗೆ ಒಂದು ಪಲ್ಲವಿ ಬಂತು ಅಂದುಕೊಳ್ಳಿ:

ಬಾ… ಬಾ…
ಇನ್ನೂ ಒಬ್ರಿಗೆ ಜಾಗ ಇದೆ
ಒಬ್ಬರು ಸರಿದರೆ ಇಬ್ಬರು ಕೂತರು
ಇನ್ನೂ ಒಬ್ರಿಗೆ ಜಾಗ ಇದೆ

ಇದು ಮಾದರಿಗೆ ಅಷ್ಟೇ, ನಿಮ್ಮ ಸಾಲು ನಿಮ್ಮ ಊರಿಂದ ಬರಲಿ. ಆದರೆ ಈ 'ಬಾ'ದಲ್ಲಿ ಇನ್ನೊಂದು ಅನುಕೂಲ ಇದೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆ ನಿಂತ ತಮಿಳರ ಮನೆಗಳಿವೆ, ತೆಲುಗಿನವರಿದ್ದಾರೆ, ಶಿವಮೊಗ್ಗದಲ್ಲಿ ಉರ್ದು ಮನೆಮಾತಿನವರು ಎಷ್ಟೊಂದು ಜನ ಇದ್ದಾರೆ. ತಮಿಳಿನಲ್ಲಿ 'ವಾ'. ತೆಲುಗಿನಲ್ಲಿ 'ರಾ'. ಉರ್ದುವಿನಲ್ಲಿ 'ಆ'. ನಾಲ್ಕೂ ಒಂದೇ ಉಸಿರಿನ ಪದ, ನಾಲ್ಕರದ್ದೂ ಅದೇ ದೀರ್ಘ ಸ್ವರ. ನಾಲ್ಕು ಗುಂಪು ನಾಲ್ಕು ಭಾಷೆಯಲ್ಲಿ ಒಂದೇ ಸ್ವರ ಹಿಡಿದು ಒಟ್ಟಿಗೆ ಕರೆದರೆ ಶುರು ಮಾತ್ರ ಬೇರೆ ಬೇರೆ ಕೇಳಿಸಿ ಆಮೇಲೆ ಎಲ್ಲವೂ ಒಂದೇ ದನಿಯಾಗುತ್ತದೆ. ಹಾಡಿನ ಕೊನೆಯ ಭಾಗಕ್ಕೆ ಇದನ್ನು ಉಳಿಸಿಕೊಳ್ಳಿ, ಮೊದಲೇ ಖರ್ಚು ಮಾಡಬೇಡಿ. ಕೊಂಕಣಿ, ತುಳು, ಲಂಬಾಣಿ ಮಾತಾಡುವವರು ಇದ್ದರೆ ಅವರವರ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೇ ಕರೆಯಲು ಬಿಡಿ. ನೀವು ಕೂತು ಅನುವಾದ ಮಾಡಿ ಅವರ ಕೈಗೆ ಕೊಡಬೇಡಿ, ಅದು ಯಾವತ್ತೂ ಅವರ ಬಾಯಿಗೆ ಒಗ್ಗುವುದಿಲ್ಲ.

ಚರಣದಲ್ಲಿ ಕಷ್ಟ ಇರಲಿ

ಬರೀ ಭರವಸೆ ಇರುವ ಹಾಡು ಎರಡು ನಿಮಿಷದಲ್ಲಿ ಸಪ್ಪೆಯಾಗುತ್ತದೆ. ಪಲ್ಲವಿ ಭರವಸೆ ಕೊಡುತ್ತದೆ ಅಂದರೆ ಚರಣ ಯಾವ ಕಷ್ಟದಿಂದ ಅಂತ ಹೇಳಬೇಕು. ನಮ್ಮಲ್ಲಿ ಕಷ್ಟಗಳಿಗೇನು ಕಡಿಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಮುಳುಗಡೆಯಾದ ಊರುಗಳವರು ಇನ್ನೂ ಹಕ್ಕುಪತ್ರದ ಮಾತಾಡುತ್ತಿದ್ದಾರೆ. ಅಡಿಕೆಗೆ ಎಲೆಚುಕ್ಕಿ ರೋಗ, ಕೊಳೆ ರೋಗ. ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಈಗಲೂ ಬೇಸಿಗೆ ಬಂತೆಂದರೆ ಕಾಡಿನ ಅಂಚಿನ ಮನೆಗಳಲ್ಲಿ ಭಯ. ಮಕ್ಕಳು ಬೆಂಗಳೂರು ಸೇರಿ ಇಬ್ಬರೇ ಉಳಿದ ದೊಡ್ಡ ಮನೆಗಳು.

ಒಂದು ಚರಣಕ್ಕೆ ಒಂದೇ ಕಷ್ಟ. ಎಲ್ಲವನ್ನೂ ತುಂಬಿದರೆ ಮನವಿ ಪತ್ರ ಆಗುತ್ತದೆ. ಅದರಲ್ಲೂ ಕಣ್ಣಿಗೆ ಕಾಣುವ ಒಂದು ವಸ್ತು, ಒಬ್ಬ ಮನುಷ್ಯ ಇರಲಿ. ಮುಳುಗಡೆ ಬಗ್ಗೆ ಬರೆಯುವಾಗ 'ತ್ಯಾಗ', 'ನಾಡಿಗೆ ಬೆಳಕು ಕೊಟ್ಟವರು' ಅಂತ ಶುರು ಮಾಡಿದರೆ ಭಾಷಣದ ದಾರಿ ಹಿಡಿಯುತ್ತೀರಿ. ಹೀಗೆ ನೋಡಿ:

ನೀರಿನ ಅಡಿಯಲಿ ನಮ್ಮನೆ ಅಂಗಳ
ಬೇಸಿಗೆ ಬಂದರೆ ಕಾಣುವುದು
ತುಳಸಿಯ ಕಟ್ಟೆಯ ಕಲ್ಲಿಗೆ ಈಗಲು
ಅಜ್ಜಿಯು ಕೈಯನು ಮುಗಿಯುವಳು

ಇದೂ ಅದೇ ನಾಲ್ಕು ಮಾತ್ರೆಯ ನಡಿಗೆ. ಇಲ್ಲಿ ಭರವಸೆ ಅನ್ನುವ ಪದವೇ ಇಲ್ಲ. ಇದಾದ ಮೇಲೆ ಪಲ್ಲವಿ 'ಬಾ' ಅಂತ ಬಂದಾಗ ಆ 'ಬಾ'ಗೆ ತೂಕ ಬರುತ್ತದೆ. ಶರಾವತಿ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ತನಕ ಲಾಂಚಿಗೆ ಕಾದು ನಿಂತವರ ಸಂಕಟ ಬೇಕಾದರೆ ಇನ್ನೊಂದು ಚರಣಕ್ಕೆ ಆಗುತ್ತದೆ. ಆದರೆ ಅದನ್ನು ತುಮರಿ ಕಡೆಯವರೇ ಬರೆಯಲಿ, ಕಾದು ಗೊತ್ತಿರುವವರು ಅವರು.

ಎಲ್ಲರೂ ಸೇರಿ ಬರೆಯುವುದು ಅಂದರೆ ಹತ್ತು ಜನ ಒಂದೇ ಹಾಳೆ ಮುಂದೆ ಕೂರುವುದಲ್ಲ. ಹಾಗೆ ಮಾಡಿದರೆ ಜೋರಾಗಿ ಮಾತಾಡುವವರ ಹಾಡಾಗುತ್ತದೆ. ಪಲ್ಲವಿ, ಧಾಟಿ ಗಟ್ಟಿಯಾದ ಮೇಲೆ ಒಂದೊಂದು ಗುಂಪಿಗೆ ಒಂದೊಂದು ಚರಣ ಕೊಡಿ, ಎಷ್ಟು ಮಾತ್ರೆ ಅಂತ ಹೇಳಿ, ಸುಮ್ನೆ ಬಿಟ್ಟುಬಿಡಿ. ಕೊನೆಗೆ ಒಬ್ಬರು, ಒಬ್ಬರೇ, ಎಲ್ಲವನ್ನೂ ಓದಿ ಜೋಡಿಸಲಿ. ಆ ಒಬ್ಬರು ಯಾರು ಅಂತ ಮೊದಲ ದಿನವೇ ತೀರ್ಮಾನ ಆಗಬೇಕು.

ಬರೆದಾದ ಮೇಲೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಬಲ್ಲವರಿಗೆ ಒಮ್ಮೆ ತೋರಿಸಿ. ಶಿವಮೊಗ್ಗಕ್ಕೆ ಹತ್ತಿರವೇ ಹೊಸಹಳ್ಳಿ ಇದೆ, ಗಮಕಕ್ಕೆ ಹೆಸರಾದ ಊರು, ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಗಳ ಕಿವಿ ಬೇರೆಯೇ. ರಾಗಕ್ಕಾಗಿ ಪದವನ್ನು ಎಲ್ಲೆಂದರಲ್ಲಿ ಒಡೆದರೆ ಅರ್ಥ ಕೆಡುತ್ತದೆ ಅನ್ನುವುದು ಅವರಿಗೆ ಮೊದಲ ಪಾಠ. ಎಲ್ಲಿ ಉಸಿರು ತಗೊಂಡರೆ ಪದ ಮುರಿಯುವುದಿಲ್ಲ ಅಂತ ಅವರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರೆ ಆ ಹಾಳೆಯನ್ನೇ ಎಲ್ಲ ಗಾಯಕರಿಗೂ ಕಳಿಸಿ.

ರಾಗ, ಶ್ರುತಿ, ಉದ್ದ

ಅಭ್ಯಾಸ ಇಲ್ಲದವರೂ ಹಾಡಬೇಕು ಅಂದರೆ ಮೋಹನ ರಾಗಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹಿಂದೂಸ್ತಾನಿಯವರು ಭೂಪ್ ಅನ್ನುತ್ತಾರೆ. ಮ, ನಿ ಎರಡೂ ಇಲ್ಲ, ಐದೇ ಸ್ವರ, ಅಕ್ಕಪಕ್ಕದಲ್ಲಿ ಅರ್ಧ ಸ್ವರದ ಇಕ್ಕಟ್ಟು ಎಲ್ಲೂ ಇಲ್ಲ. ಹಾಗಾಗಿ ಒಬ್ಬರು ಸ್ವಲ್ಪ ಜಾರಿದರೂ ಅಷ್ಟು ಕರ್ಕಶ ಆಗುವುದಿಲ್ಲ. ಗಿಟಾರ್‌ನವರಿಗೂ ಸುಲಭ: ಸಿ, ಎ ಮೈನರ್, ಎಫ್, ಜಿ ಸುತ್ತಿಕೊಂಡಿದ್ದರೆ ಪಾಪ್ ಹಾಡಿನ ಹದ ಬರುತ್ತದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಂದ ಆ ಹಲವು ಭಾಷೆಗಳ ಹಾಡು, 'ಮಿಲೇ ಸುರ್ ಮೇರಾ ತುಮ್ಹಾರಾ', ಭೈರವಿ ರಾಗದಲ್ಲಿತ್ತು. ಅಲ್ಲಿ ಭಾಷೆ ಬದಲಾಗುತ್ತಾ ಹೋದರೂ ಮಾತು ಅದೇ ಒಂದು, ರಾಗವೂ ಒಂದೇ. ಆ ಹಿಡಿತ ಇರುವುದಕ್ಕೇ ಅಷ್ಟು ಜನ ಬಂದು ಹೋದರೂ ಹಾಡು ಚೆದುರುವುದಿಲ್ಲ.

ಶ್ರುತಿ ವಿಷಯಕ್ಕೆ ಎಲ್ಲಾ ಕಡೆ ಜಗಳ ಆಗುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರು ಬಿಳಿ ಒಂದು, ಎರಡು ಅನ್ನುತ್ತಾರೆ, ಸಂಗೀತ ಕಲಿತ ಹೆಣ್ಣುಮಕ್ಕಳು ಬಿಳಿ ಐದು, ಆರು ಅನ್ನುತ್ತಾರೆ. ಇಬ್ಬರದ್ದೂ ಸರಿ. ಪಲ್ಲವಿಯನ್ನು ಬಿಳಿ ಒಂದಕ್ಕೆ ಇಟ್ಟು, ಷಡ್ಜದಿಂದ ಧೈವತದ ಒಳಗೇ ಮುಗಿಸಿ. ಗಂಡಸರು ಕೆಳಗಿನ ಸ್ಥಾಯಿಯಲ್ಲಿ, ಹೆಂಗಸರು ಮಕ್ಕಳು ಮೇಲಿನದರಲ್ಲಿ, ಎಲ್ಲರಿಗೂ ಎಟುಕುತ್ತದೆ. ಒಬ್ಬೊಬ್ಬರೇ ಹಾಡುವ ಸಾಲುಗಳಲ್ಲಿ ಮಾತ್ರ ಹರಡಿಕೊಳ್ಳಿ. ತಗ್ಗಿನ ಗಂಡು ದನಿಗೆ ಷಡ್ಜ ಪಂಚಮದ ನಡುವಿನ ಸಾಲು, ಮೇಲೇರುವ ಹೆಣ್ಣು ದನಿಗೆ ಪಂಚಮದಿಂದ ತಾರ ಗಾಂಧಾರದ ತನಕ. ಕೊನೆಯ ಪಲ್ಲವಿಗೆ ಒಂದು ಮನೆ ಏರಿಸಿದರೆ, ಅಂದರೆ ಕಪ್ಪು ಒಂದಕ್ಕೆ, ಮೈ ಜುಮ್ಮೆನ್ನುತ್ತದೆ ನಿಜ. ಕೊಳಲಿನವರು ಇನ್ನೊಂದು ಕೊಳಲು ತರಬೇಕು ಅಂತ ಮೊದಲೇ ಹೇಳಿಬಿಡಿ.

ಉದ್ದ ಎಷ್ಟು? ನಾಡಗೀತೆಯ ಉದ್ದದ ಬಗ್ಗೆ ವರ್ಷಗಟ್ಟಲೆ ಚರ್ಚೆಯಾಗಿ ಕೊನೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡ್ ಅಂತ ಗೊತ್ತುಮಾಡಿತು. ಜನ ಒಟ್ಟಿಗೆ ನಿಂತು ಹಾಡುವ ಹಾಡಿಗೆ ಅದು ಒಳ್ಳೆಯ ಅಳತೆ. ನಿಮಿಷಕ್ಕೆ 90 ಬೀಟ್ ಇಟ್ಟು, ಒಂದು ಬೀಟಿಗೆ ಎರಡು ಮಾತ್ರೆ ಹಾಕಿದರೆ ನಾಲ್ಕು ಸಾಲಿನ ಒಂದು ಭಾಗ ಸುಮಾರು 21 ಸೆಕೆಂಡ್ ಆಗುತ್ತದೆ. ಅಂಥ ಎಂಟು ಭಾಗ ಇಟ್ಟರೂ ಮೂರು ನಿಮಿಷದೊಳಗೆ. ಶುರುವಿಗೆ ಒಬ್ಬರೇ ಒಂದು ಚರಣ, ವಾದ್ಯ ಇಲ್ಲದೆ. ತಕ್ಷಣ ಪಲ್ಲವಿ. ಎರಡು ಚರಣ, ಮತ್ತೆ ಪಲ್ಲವಿ. ಒಂದು ಭಾಗ ಬರೀ ಡೊಳ್ಳು, ಚಪ್ಪಾಳೆ. ಆಮೇಲೆ ಎಲ್ಲಾ ಭಾಷೆಯ ಕರೆ. ಕೊನೆಗೆ ಏರಿಸಿದ ಪಲ್ಲವಿ. ಇದಕ್ಕಿಂತ ಉದ್ದ ಮಾಡಬೇಕು ಅಂತ ಯಾರಾದರೂ ಹಟ ಹಿಡಿದರೆ ಅದು ಸಾಮಾನ್ಯವಾಗಿ ಇನ್ನೊಬ್ಬ ಗಾಯಕರನ್ನು ಸೇರಿಸುವುದಕ್ಕೆ, ಹಾಡಿಗಾಗಿ ಅಲ್ಲ.

ಯಾರು ಯಾವ ಸಾಲು

ಈಗ ಆ ಗಾಯಕರ ಪಟ್ಟಿ ತೆಗೆಯಿರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲೇ, ಒಗ್ಗಟ್ಟು ಇರುತ್ತದೋ ಇಲ್ಲವೋ ಅಂತ ಗೊತ್ತಾಗುವುದೂ ಇಲ್ಲೇ.

1985ರ ಜನವರಿ 28ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು 40ಕ್ಕೂ ಹೆಚ್ಚು ಹೆಸರಾಂತ ಗಾಯಕರು ಒಂದು ಸ್ಟುಡಿಯೋದಲ್ಲಿ ಸೇರಿ ಮರುದಿನ ಬೆಳಗಿನ ಹೊತ್ತಿಗೆ 'ವಿ ಆರ್ ದ ವರ್ಲ್ಡ್' ಅನ್ನುವ ಹಾಡು ಹಾಡಿ ಮುಗಿಸಿದರು. ಅದನ್ನು ನಡೆಸಿದ ಕ್ವಿನ್ಸಿ ಜೋನ್ಸ್ ನಿಮ್ಮ ಅಹಂಕಾರ ಬಾಗಿಲಲ್ಲೇ ಬಿಟ್ಟು ಬನ್ನಿ ಅಂತ ಬೋರ್ಡ್ ಹಾಕಿದ್ದು ಎಲ್ಲರಿಗೂ ಗೊತ್ತು. ನನಗೆ ಬೋರ್ಡಿಗಿಂತ ಮುಖ್ಯ ಅನ್ನಿಸುವುದು ಅದರ ಹಿಂದಿನ ತಯಾರಿ. ಹಾಡಿನ ಕ್ಯಾಸೆಟ್ ಎಲ್ಲರಿಗೂ ಮೊದಲೇ ಹೋಗಿತ್ತು. ಯಾರ ದನಿ ಯಾವ ಸಾಲಿಗೆ ಅಂತ ಮೊದಲೇ ಕೂತು ಯೋಚಿಸಿದ್ದರು. ನೆಲದ ಮೇಲೆ ಹೆಸರು ಬರೆದ ಟೇಪ್ ಅಂಟಿಸಿ ಯಾರು ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕಿದ್ದರು. ಬಂದ ಮೇಲೆ 'ನಾನೆಲ್ಲಿ ನಿಲ್ಲಲಿ' ಅಂತ ಕೇಳುವ ಪರಿಸ್ಥಿತಿಯೇ ಇರಲಿಲ್ಲ. ಅಹಂಕಾರ ಬಿಡುವುದಕ್ಕೆ ಬೋರ್ಡ್ ಸಾಲದು, ಯಾರಿಗೂ ಅವಮಾನ ಆಗದ ಹಾಗೆ ವ್ಯವಸ್ಥೆ ಬೇಕು.

ನೀವು ಮಾಡಬೇಕಾದದ್ದು ಇಷ್ಟು. ಪಲ್ಲವಿ ಮತ್ತು ಒಂದು ಚರಣವನ್ನು ಹಾರ್ಮೋನಿಯಂ ಇಟ್ಟು ಸಾದಾ ಹಾಡಿ ಎಲ್ಲರಿಗೂ ಕಳಿಸಿ. ಅವರವರ ಫೋನಿನಲ್ಲಿ ಹಾಡಿ ಕಳಿಸಲು ಹೇಳಿ. ಕೇಳುವಾಗ ಯಾರು ಹಾಡಿದ್ದು ಅಂತ ಮರೆತು ಕೇಳಿ, ಬೇಕಾದರೆ ಬೇರೆಯವರ ಹತ್ತಿರ ಹೆಸರು ತೆಗೆಸಿ ಒಂದು, ಎರಡು ಅಂತ ಸಂಖ್ಯೆ ಹಾಕಿಸಿಕೊಳ್ಳಿ. ಯಾವ ದನಿ ಎಲ್ಲಿ ಹೊಳೆಯುತ್ತದೆ ಅಂತ ಹಾಳೆಯಲ್ಲಿ ಬರೆಯಿರಿ. ಸೋಬಾನೆ ಹೇಳುವ ಅಜ್ಜಿಯ ದನಿಯಲ್ಲಿ ನಡುಕ ಇರುತ್ತದೆ, ಆ ತುಳಸಿಕಟ್ಟೆಯ ಸಾಲಿಗೆ ಅದೇ ಬೇಕು. ಭಾಗವತರ ದನಿ ಮೇಲೇರಿ ನಿಲ್ಲುವಂಥದ್ದು, ಪಲ್ಲವಿಗೆ ಎತ್ತಿಕೊಡುವ ಸಾಲು ಅವರದಾಗಲಿ, ಮೈಕ್ ಇಲ್ಲದೆ ಬಯಲಿಗೆ ಕೇಳಿಸುವ ಹಾಗೆ ಹಾಡಿ ಬೆಳೆದ ಕಲೆ ಅದು. ಗುಟ್ಟು ಹೇಳುವ ಹಾಗೆ ಮೆಲ್ಲಗೆ ಹಾಡುವ ಕಾಲೇಜು ಹುಡುಗಿಗೆ ಮೊದಲ ಚರಣ ಕೊಡಿ. ಹೆಸರಿರುವವರನ್ನು ಶುರುವಿಗೂ ಕೊನೆಗೂ ಹಾಕಬೇಡಿ, ನಡುವೆ ಇರಲಿ, ಕೇಳುವವರಿಗೆ ಅಲ್ಲೊಂದು ಖುಷಿ ಸಿಗುತ್ತದೆ.

ಒಂದೊಂದೇ ಭಾಷೆಯವರನ್ನು, ಒಂದೊಂದೇ ಧರ್ಮದವರನ್ನು ಲೆಕ್ಕಕ್ಕೆ ಒಬ್ಬೊಬ್ಬರಂತೆ ಕರೆದು ಅವರ ವೇಷ ಹಾಕಿಸಿ ನಿಲ್ಲಿಸುವ ಹಾಡುಗಳನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಯಾರನ್ನೇ ಕರೆಯಿರಿ, ಅವರು ಹಾಡಬಲ್ಲರು ಅಂತ ಕರೆಯಿರಿ. ಅವರ ಹಾಡಿಕೆಯಿಂದ ಹಾಡು ಬದಲಾಗಲು ಬಿಡಿ. ಉರ್ದುವಿನಲ್ಲಿ ಹಾಡುವವರು ಸಾಲನ್ನು ಗಜಲ್ ಥರ ಸ್ವಲ್ಪ ತಡೆದು ಹಿಡಿದರೆ ಹಿಡಿಯಲಿ, ಅಲ್ಲಿ ತಬಲಾ ಕಡಿಮೆ ಮಾಡಿ ಜಾಗ ಕೊಡಿ.

ಸಾಲು ಸಿಗದೇ ಹೋದವರಿಗೆ ನೀವೇ ಹೋಗಿ ಹೇಳಿ. ಗ್ರೂಪಿನಲ್ಲಿ ಮೆಸೇಜ್ ಹಾಕಬೇಡಿ.

ರೆಕಾರ್ಡಿಂಗ್

ಮೊದಲು ಕಾಲ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ರೆಕಾರ್ಡಿಂಗ್ ಆಸೆ ಬೇಡ. ಶೀಟಿನ ಮಾಡು, ಹಂಚಿನ ಮಾಡು ಯಾವುದಾದರೂ ಸರಿ, ಮಳೆ ಬಿದ್ದರೆ ಮೈಕಿಗೆ ಅದೊಂದೇ ಕೇಳಿಸುತ್ತದೆ, ಕರೆಂಟೂ ನಂಬುವ ಹಾಗಿಲ್ಲ. ಮಳೆ ನಿಂತ ಮೇಲೆ ಅಡಿಕೆ ಕೊಯ್ಲು, ಆಗ ತೋಟದ ಮನೆಯವರು ಯಾರೂ ಬಿಡುವಾಗಿರುವುದಿಲ್ಲ. ಆದರೆ ಆ ಸಮಯವನ್ನು ಬೇರೆ ಥರ ಬಳಸಿಕೊಳ್ಳಿ: ರಾತ್ರಿ ಅಡಿಕೆ ಸುಲಿಯಲು ಜನ ಸೇರುತ್ತಾರಲ್ಲ, ಅಲ್ಲಿ ಕೂತು ಪಲ್ಲವಿ ಹೇಳಿಕೊಡಿ. ಮೆಟ್ಟುಗತ್ತಿ ಮುಂದೆ ಕೂತು ಕೈ ಕೆಲಸ ನಿಲ್ಲಿಸದೆ ಅವರು ಹಾಡಿದರೆ ನಿಮ್ಮ ಸಾಲು ಪಾಸಾಯಿತು. ಸಂಕ್ರಾಂತಿ ಕಳೆದು ಶಿವರಾತ್ರಿ ಒಳಗೆ ರೆಕಾರ್ಡಿಂಗ್ ಇಟ್ಟುಕೊಳ್ಳಿ. ಸಂಜೆ ಜೀರುಂಡೆ ಕೂಗಲು ಶುರು ಮಾಡುವ ಮೊದಲೇ ಮುಗಿಸಿ.

ಡೊಳ್ಳನ್ನು ಎಲ್ಲಕ್ಕಿಂತ ಮೊದಲು ರೆಕಾರ್ಡ್ ಮಾಡಿ. ಕಂಪ್ಯೂಟರಿನ ಟಿಕ್ ಟಿಕ್‌ಗೆ ಡೊಳ್ಳು ತಂಡವನ್ನು ಕಟ್ಟಿಹಾಕಲು ಹೋದರೆ ಆ ಕಸುವೇ ಹೋಗುತ್ತದೆ. ತಂಡದ ಮುಂದಾಳಿಗೆ ಮಾತ್ರ ಒಂದು ಕಿವಿಗೆ ಇಯರ್‌ಫೋನ್ ಕೊಡಿ, ಉಳಿದವರು ಅವರನ್ನು ನೋಡಿ ಬಾರಿಸಲಿ. ಆಮೇಲೆ ಮಿಕ್ಕವರೆಲ್ಲ ಆ ಡೊಳ್ಳಿಗೆ ಹಾಡಲಿ. ಕೋಣೆಯೊಳಗೆ ಬೇಡ, ಶಾಲೆ ಅಂಗಳದಲ್ಲಿ ಮಾಡಿ, ಮೈಕ್ ಹತ್ತು ಹದಿನೈದು ಅಡಿ ದೂರ ಇರಲಿ. ಚರ್ಮ ಥಂಡಿಗೆ ಸಡಿಲ ಆಗಿರುತ್ತದೆ, ಕಾಯಿಸಿ ಬಿಗಿ ಮಾಡಿಕೊಳ್ಳಲು ಅವರಿಗೆ ಸಮಯ ಬೇಕು, ಅವಸರ ಮಾಡಬೇಡಿ.

ಒಬ್ಬೊಬ್ಬರೇ ಹಾಡುವವರಿಗೆ ಸ್ಟುಡಿಯೋ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮನೆಯಲ್ಲಿ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆಗೆದು ಅದರ ಮುಂದೆ ನಿಲ್ಲಿಸಿ, ಹಿಂದೆ ಒಂದು ಹಾಸಿಗೆ ನಿಲ್ಲಿಸಿ. ಫ್ಯಾನ್, ಫ್ರಿಜ್ ಬಂದ್. ಫೋನು ಬಾಯಿಂದ ಒಂದೂವರೆ ಗೇಣು ದೂರ, ನೇರ ಬಾಯಿ ಮುಂದೆ ಅಲ್ಲ, ತುಸು ಪಕ್ಕಕ್ಕೆ. ಧಾಟಿ ಇಯರ್‌ಫೋನಿನಲ್ಲಿ ಕೇಳಬೇಕು, ಅದು ಹೊರಗೆ ಸೋರಬಾರದು. ಹಾಡುವ ಮೊದಲು ತಾಳಕ್ಕೆ ಸರಿಯಾಗಿ ಒಂದು ಚಪ್ಪಾಳೆ ಹಾಕಿಸಿ, ಜೋಡಿಸುವಾಗ ಆ ಚಪ್ಪಾಳೆ ಇಟ್ಟುಕೊಂಡು ಸರಿ ಮಾಡಬಹುದು. ಫೋನಿನಲ್ಲಿ ದನಿಯನ್ನು ಹಿಂಡದೆ ಉಳಿಸುವ ವೇವ್ ಫೈಲ್ ಆಯ್ಕೆ ಇದ್ದರೆ ಅದನ್ನೇ ಆರಿಸಿ. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜಾಗಿ ಕಳಿಸಿದರೆ ದನಿ ಹಿಂಡಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲಿ ಅಥವಾ ಡ್ರೈವ್‌ಗೆ ಹಾಕಲಿ.

ಕೋರಸ್ಸಿಗೆ ಜನ ಕಡಿಮೆ ಬಂದರೆ ಚಿಂತೆ ಬೇಡ. ಹನ್ನೆರಡು ಜನರನ್ನು ನಾಲ್ಕು ಸಲ ಹಾಡಿಸಿ, ಪ್ರತಿ ಸಲ ನಿಲ್ಲುವ ಜಾಗ ಅದಲು ಬದಲು ಮಾಡಿಸಿ, ಒಮ್ಮೆ ಮೈಕಿಗೆ ಹತ್ತಿರ, ಒಮ್ಮೆ ಕೋಣೆಯ ಮೂಲೆಯಲ್ಲಿ. ನಾಲ್ಕನ್ನೂ ಒಂದರ ಮೇಲೊಂದು ಇಟ್ಟರೆ ದೊಡ್ಡ ಗುಂಪು ಕೇಳಿಸುತ್ತದೆ.

ಮಿಕ್ಸಿಂಗಿಗೆ ರೀಪರ್, ಆಡಾಸಿಟಿ, ಫೋನಿನಲ್ಲಾದರೆ ಬ್ಯಾಂಡ್‌ಲ್ಯಾಬ್, ಯಾವುದಾದರೂ ಆಗುತ್ತದೆ. ದನಿಗಳಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಶಬ್ದ ತೆಗೆಯಿರಿ, ಬೇರೆ ಬೇರೆ ಮನೆಯಲ್ಲಿ ಹಾಡಿದ ದನಿಗಳಿಗೆಲ್ಲ ಒಂದೇ ರಿವರ್ಬ್, ಅಂದರೆ ಕೋಣೆಯ ಮಾರ್ದನಿ, ಕೊಡಿ, ಆಗ ಒಂದೇ ಕೋಣೆಯಲ್ಲಿ ನಿಂತ ಹಾಗಾಗುತ್ತದೆ. ಕೊನೆಗೆ ಶಬ್ದದ ಮಟ್ಟ ಮೈನಸ್ 14 ಲಫ್ಸ್ (ಇಡೀ ಹಾಡು ಎಷ್ಟು ಜೋರು ಅಂತ ಅಳೆಯುವ ಮಾನ) ಹತ್ತಿರ ಇಡಿ. ಸ್ವರ ತಿದ್ದುವ ಆಟೋಟ್ಯೂನ್ ಬಗ್ಗೆ ಒಂದೇ ಮಾತು: ಜನಪದ ದನಿಗೆ ಹಾಕಬೇಡಿ. ಅವರು ಸ್ವರದಿಂದ ಸ್ವರಕ್ಕೆ ಜಾರುವುದನ್ನು ಅದು ತಪ್ಪು ಅಂದುಕೊಂಡು ಮೆಟ್ಟಿಲು ಮಾಡಿಬಿಡುತ್ತದೆ.

ದುಡ್ಡು, ಹಕ್ಕು, ಆಮೇಲೆ

ಒಳ್ಳೆಯ ಕೆಲಸಕ್ಕೆ ಮಾಡುತ್ತಿದ್ದೇವೆ ಅಂತ ಕಲಾವಿದರನ್ನು ಪುಕ್ಕಟೆ ಕರೆಯಬೇಡಿ. ಡೊಳ್ಳು ತಂಡದವರಿಗೆ, ಅಜ್ಜಿಗೆ ಒಂದು ದಿನದ ಕೂಲಿ ಹೋಗುತ್ತದೆ. ಬಂದು ಹೋಗುವ ಖರ್ಚು, ಊಟ, ಸಂಭಾವನೆ, ಮೂರನ್ನೂ ಮೊದಲೇ ಹೇಳಿ, ಅವತ್ತೇ ಕೊಡಿ. ಬೇಡ ಅನ್ನುವವರು ಬೇಡ ಅನ್ನಲಿ, ಆ ಮಾತು ಅವರ ಬಾಯಿಂದ ಬರಬೇಕು.

ಸಾಹಿತ್ಯ ಯಾರದು, ಧಾಟಿ ಯಾರದು, ರೆಕಾರ್ಡಿಂಗ್ ಯಾರದು, ಹಣ ಬಂದರೆ ಎಲ್ಲಿಗೆ ಹೋಗುತ್ತದೆ, ಒಂದು ಪುಟದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಸ್ನೇಹ ಇರುವಾಗಲೇ ಇದನ್ನು ಮಾಡಬೇಕು. ದೊಡ್ಡ ಕವಿಗಳ ಸಾಲು ಸೇರಿಸುವ ಆಸೆ ಇದ್ದರೆ ಹುಷಾರು: ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅಂದರೆ 2054 ಮುಗಿಯುವ ತನಕ ಅನುಮತಿ ಬೇಕೇ ಬೇಕು. ವಚನಗಳಿಗೆ ಆ ತೊಡಕಿಲ್ಲ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನವೇ, ಅಲ್ಲಿಂದ ಒಂದು ಸಾಲು ತಂದರೆ ಹಾಡಿಗೆ ಬೇರು ಸಿಕ್ಕ ಹಾಗೆ. ಜನಪದ ಧಾಟಿ ಬಳಸಿದರೆ 'ಸಾಂಪ್ರದಾಯಿಕ' ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಯಾರು ಹಾಡಿ ತೋರಿಸಿದರು, ಯಾವ ಊರು ಅಂತ ಅವರ ಒಪ್ಪಿಗೆ ತಗೊಂಡು ಹೆಸರು ಹಾಕಿ.

ವಿಡಿಯೋಕ್ಕೆ ಜೋಗದ ಡ್ರೋನ್ ಶಾಟ್ ಬೇಡ, ಎಲ್ಲರೂ ಹಾಕಿಬಿಟ್ಟಿದ್ದಾರೆ. ಹಾಡುವವರ ಮುಖ ಸಾಕು, ಎಲ್ಲರ ಮುಖವೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಭದ್ರಾವತಿ ಆಕಾಶವಾಣಿಗೆ ಒಂದು ಪ್ರತಿ ಕಳಿಸಿ, ತೋಟದ ಕೆಲಸ ಮಾಡುತ್ತಾ ರೇಡಿಯೋ ಕೇಳುವವರು ಈಗಲೂ ಇದ್ದಾರೆ.

ಇನ್ನು ಇಷ್ಟೆಲ್ಲ ಮಾಡಿದವರೂ ಬಿಟ್ಟುಬಿಡುವ ಒಂದು ಕೆಲಸ ಇದೆ. ಹಾಡು ಬಿಡುಗಡೆ ಮಾಡುವ ದಿನವೇ ದನಿ ಇಲ್ಲದ ಟ್ರ್ಯಾಕನ್ನೂ ಹಾಕಿ, ಒಂದು ಬಿಳಿ ಒಂದಕ್ಕೆ, ಇನ್ನೊಂದು ಬಿಳಿ ಐದಕ್ಕೆ. ಜೊತೆಗೆ ಪೂರ್ತಿ ಸಾಹಿತ್ಯ, ಸ್ವರ, ಉಸಿರಿನ ಗುರುತು ಇರುವ ಆ ಹಾಳೆ. ಶಾಲೆಯ ಟೀಚರಮ್ಮ ಒಬ್ಬರು ವಾರ್ಷಿಕೋತ್ಸವಕ್ಕೋ ಪ್ರತಿಭಾ ಕಾರಂಜಿಗೋ ಹುಡುಗರಿಗೆ ಕಲಿಸಬೇಕು ಅಂದರೆ ನಿಮಗೆ ಫೋನ್ ಮಾಡುವ ಅಗತ್ಯವೇ ಬರಬಾರದು. ಒಂದು ಚರಣದ ಜಾಗ ಖಾಲಿ ಬಿಟ್ಟ ಟ್ರ್ಯಾಕ್ ಕೂಡ ಮಾಡಿ, ನಾಲ್ಕು ಸಾಲು, 21 ಸೆಕೆಂಡ್, ಬರೀ ಡೊಳ್ಳು ಮತ್ತು ಶ್ರುತಿ. ಅದರ ಕೆಳಗೆ ನಿಮ್ಮ ಊರಿನ ಚರಣ ನೀವೇ ಬರೆದು ಹಾಡಿ ಅಂತ ಬರೆಯಿರಿ, ಎಷ್ಟು ಮಾತ್ರೆ ಅಂತಲೂ ತಿಳಿಸಿ.